ಉಪ್ಪು ನೋಡುವ ನಾಲಿಗೆ

ಖಲಂದರನ ಮುತ್ತಜ್ಜ ಬುಡನಸಾಬ ಕುಮಾರಪಟ್ಟಣದ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದವನು. ಮಹಾಪೂರದ ವರ್ಷ, ದಂಡೆಯ ಮೇಲಿದ್ದವರೆಲ್ಲ ಬೇಡವೆಂದರೂ, ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳನ್ನು ಆಚೆ ದಡ ಮುಟ್ಟಿಸಿದ. ಅಜ್ಜ ಹುಸೇನಸಾಬ ಆಳುದ್ದದ ಬಾಳೆಮೀನನ್ನು ಒಬ್ಬನೇ ದಂಡೆಗೆ ಎಳೆದವನು. ಇಬ್ಬರೂ ತಮ್ಮ ಹರಗೋಲಿನ ಹುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಅಂಥವರ ಕುಡಿ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಬಣ್ಣದ ಮೀನಿನ ಅಂಗಡಿ ಇಟ್ಟಿತು. ನನ್ನ ಬೀಜದಂಗಡಿಗೂ ಅದಕ್ಕೂ ಗೋಡೆ ಒಂದೇ. ಎರಡು ಸಾವಿರದ ಮೂರರ ಸುಮಾರಿಗೆ ಕಾರವಾರದವನೊಬ್ಬ ಡಬ್ಬಿಯಲ್ಲಿ ತಂದುಕೊಟ್ಟ ಕಡಲ ಹಾವುಮೀನಿನ ಮರಿ ಬರಬರುತ್ತ ಖಲಂದರನ ತೋಳಿಗಿಂತ ದಪ್ಪವಾಯಿತು. ಜೊತೆಗೆ ಬಿಟ್ಟ ಮೀನನ್ನೆಲ್ಲ ನುಂಗಿ, ದೊಡ್ಡ ಗಾಜಿನ ತೊಟ್ಟಿಯಲ್ಲಿ ಅದೊಂದೇ ಉಳಿಯಿತು. ಸದಾ ತೆರೆದ ಅದರ ಬಾಯಿ, ಹಲ್ಲು ಕಂಡು ಗಿರಾಕಿಗಳು ಹೊಸ್ತಿಲಲ್ಲೇ ನಿಲ್ಲುತ್ತಿದ್ದರು.

ಕಡಲಿಲ್ಲದ ಊರು. ಖಲಂದರ ನೀರಿಗೆ ಮುಂಬೈಯಿಂದ ತರಿಸಿದ ಕಡಲುಪ್ಪು ಕಲಸಿ, ಸಾರಿನ ರುಚಿ ನೋಡಿದಂತೆ ಹನಿ ನೀರು ನಾಲಿಗೆಗೆ ಹಚ್ಚಿಕೊಂಡು ಹದ ಹೇಳುತ್ತಿದ್ದ. ಒಮ್ಮೆ ಮಿರ್ಚಿ ಮಂಡಕ್ಕಿ ತಿಂದ ಬಾಯಲ್ಲೇ ನೋಡಿದ. ಉರಿಯುವ ನಾಲಿಗೆಗೆ ಉಪ್ಪು ಹತ್ತಲಿಲ್ಲ. ಮತ್ತೊಂದೆರಡು ಬೊಗಸೆ ಉಪ್ಪು ಸುರಿದ. ಸಂಜೆಗೆ ಹಾವುಮೀನು ಮಗ್ಗುಲಾಗಿ ಬಿತ್ತು. ಸಿಹಿನೀರು ಬೆರೆಸಿ ಬೆರೆಸಿ ಹೇಗೋ ಬದುಕಿಸಿಕೊಂಡ. ಅಂದೇ ಖಾರ ಬಿಟ್ಟ.

ಹೆಂಡತಿ ಮಕ್ತುಮಬಿ ಬ್ಯಾಡಗಿಯ ಮಗಳು. "ಮೆಣಸಿನಕಾಯಿ ತೊಟ್ಟು ಮುರದು ದೊಡ್ಡಾಕಿ ಆಗೇನಿ. ಈಗ ಒಂದು ಮೀನಿನ ಸಲುವಾಗಿ ಸಪ್ಪನ ಸಾರು ಮಾಡಬೇಕಂತ! ಅದರ ಜೋಡೀನ ನಿಕಾ ಆಗಬೇಕಿತ್ತು ನೀವು!" ಎಂದು ಬುತ್ತಿ ಕುಕ್ಕುತ್ತಿದ್ದಳು.

"ಅದು ಮಾತಾಡೂದಿಲ್ಲ. ಛಲೋ ಆಗ್ತಿತ್ತು ಬಿಡು," ಎನ್ನುತ್ತಿದ್ದ ಅವನು.

ಮುಂದಿನ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಕರೆಂಟು ಹೋಗತೊಡಗಿತು. ಗಾಳಿಯ ಪಂಪು ನಿಂತರೆ ಹಾವುಮೀನಿಗೆ ಉಸಿರಿಲ್ಲ. ತಂಬಿಗೆಯಿಂದ ನೀರು ಎತ್ತಿ ಎತ್ತಿ ಸುರಿಯಬೇಕು. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಏರುತ್ತದೆ, ಅದನ್ನೂ ನೋಡುತ್ತಿರಬೇಕು. ಒಂದು ದಿನ ನಾನು ಊಟ ಮುಗಿಸಿ ಇಣುಕಿದರೆ ಖಲಂದರ ಗಾಜಿಗೆ ಹಣೆ ಆನಿಸಿ ನಿಂತಿದ್ದ. ಕಣ್ಣು ಮುಚ್ಚಿಕೊಂಡೇ ತಂಬಿಗೆಯಿಂದ ನೀರು ಸುರಿಯುತ್ತಿದ್ದ.

"ಖಲಂದರ, ಒಂದೀಟು ಅಡ್ಡಾಗು. ತಂಬಿಗಿ ಇತ್ತಾಗ ಕೊಡು. ಉಪ್ಪೂ ನಾನ ನೋಡ್ತೇನಿ," ಎಂದೆ.

ಅವನು ಕಣ್ಣು ತೆರೆದು ನನ್ನ ಕಡೆ ಮೂಗು ಅರಳಿಸಿದ.

"ಬ್ಯಾಡ್ರಿ ಕಾಕಾ. ರೊಟ್ಟಿ ಜೋಡಿ ಕೆಂಪು ಚಟ್ನಿ ತಿಂದು ಬಂದೀರಿ, ವಾಸನಿ ಬರಾಕತ್ತೈತಿ. ನಾ ದಣದೇನಿ, ಖರೇ. ಆದ್ರ ನನ್ನ ನಾಲಿಗಿ ಇನ್ನೂ ಸಪ್ಪಗೈತಿ. ನೀವು ಅಂಗಡಿಗೆ ನಡೀರಿ."