ಡಬ್ಲ್ಯೂ ಕಣದ ತೂಕ ಮತ್ತು ನನ್ನ ಮಾವ

ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ನನ್ನ ಸೋದರಮಾವ ಕಾಟಾ ಎಂಬ ಹಲಗೆ ತಕ್ಕಡಿಯಲ್ಲಿ ಚೀಲ ತೂಗುವ ಕೆಲಸದಲ್ಲಿದ್ದರು. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು ರಜೆಗೆ ಬಂದಾಗಲೆಲ್ಲ ಮಧ್ಯಾಹ್ನದ ಬುತ್ತಿ ಹಿಡಿದು ಅವರಲ್ಲಿಗೆ ಹೋಗುತ್ತಿದ್ದೆ. ಗಂಟು ಬಿಚ್ಚುತ್ತ ಅವರು ಕೇಳುತ್ತಿದ್ದುದು ಒಂದೇ: ನಿನ್ನ ಕಣ ಸಿಕ್ಕಿತೋ ಇಲ್ಲವೋ?

ಸಿಕ್ಕಿರಲಿಲ್ಲ. ಪ್ರತಿ ಮೂಲಕಣಕ್ಕೂ ಅದಕ್ಕಿಂತ ಭಾರದ ಒಂದು ಜೋಡಿ ಇರಬೇಕು ಎನ್ನುತ್ತದೆ ಸೂಪರ್‌ಸಿಮೆಟ್ರಿ ಎಂಬ ಸಿದ್ಧಾಂತ. ಕಣಗಳನ್ನು ಡಿಕ್ಕಿ ಹೊಡೆಸುವ ಕೊಲೈಡರ್ ಯಂತ್ರಗಳಲ್ಲಿ ಆ ಜೋಡಿ ಇದುವರೆಗೆ ಕಂಡಿಲ್ಲ. ಆದರೆ ಅದು ಇದ್ದದ್ದೇ ಆದರೆ, ನಮಗೆ ಗೊತ್ತಿರುವ ಡಬ್ಲ್ಯೂ ಎಂಬ ಕಣದ ತೂಕ ಕೂದಲೆಳೆಯಷ್ಟು ಏರಬೇಕು. ಎಷ್ಟು ಏರಬೇಕು ಎಂಬ ಲೆಕ್ಕವೇ ನನ್ನ ಪ್ರಬಂಧ, ಐದು ವರ್ಷದ ದುಡಿಮೆ.

ಒಂದು ಸಲ ಹಿಗ್ಗಿನಿಂದ ಓಡಿಬಂದೆ. ಒಂದು ಕೊಲೈಡರ್‌ನವರು ಡಬ್ಲ್ಯೂ ತೂಕ ನಿಜಕ್ಕೂ ಹೆಚ್ಚಿದೆ ಎಂದಿದ್ದರು. ನನ್ನ ಲೆಕ್ಕಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಮಾವ ಮಜ್ಜಿಗೆ ಲೋಟ ಕೆಳಗಿಟ್ಟರು.

"ಬೇರೆ ಕಾಟಾದ ಮೇಲೆ ಇಟ್ಟು ನೋಡಿದ್ರೇನು?"

ಆ ಕೊಲೈಡರ್‌ನವರದೇ ಎಲ್ಲಕ್ಕಿಂತ ಸೂಕ್ಷ್ಮವಾದ ಅಳತೆ ಎಂದೆ. ಆಗ ಮಾವ ಅದುವರೆಗೆ ಯಾರಿಗೂ ಹೇಳದ ಸಂಗತಿ ಹೇಳಿದರು. ಸೊರಬದ ಕಡೆಯ ರೈತರೊಬ್ಬರು ಒಂದೇ ಅಳತೆಗೆ ತುಂಬಿ ತಂದ ಭತ್ತದ ಚೀಲಗಳು ಒಂದೊಂದೂ ಇರಬೇಕಾದ್ದಕ್ಕಿಂತ ಹೆಚ್ಚು ಭಾರ ತೋರಿಸಿದ್ದವಂತೆ. ಮರಳು ಬೆರೆಸಿದ್ದಾರೆಂದು ಮಾವ ಎಲ್ಲರ ಮುಂದೆ ಒಂದು ಚೀಲ ಸುರಿಸಿದರಂತೆ. ಬಂಗಾರದಂಥ ಭತ್ತ. ಮಳೆಗಾಲದ ದಿನ, ಬೆಳಗ್ಗೆ ಒಮ್ಮೆ ಖಾಲಿ ಕಾಟಾ ಸರಿನೋಡಿದ್ದೇ ಕೊನೆ, ಮಧ್ಯಾಹ್ನದ ಹೊತ್ತಿಗೆ ಹಲಗೆಗೆ ಕೆಸರು ಮೆತ್ತಿ ತೂಕ ಏರಿಸಿತ್ತು. ಆ ರೈತ ಬೈಯಲಿಲ್ಲ, ಕೂತು ಕಾಳು ಬಾಚಿ ತುಂಬಿಕೊಂಡರಂತೆ.

"ಬೈದಿದ್ರೆ ಮರೀತಿದ್ದೆ ಕಣೇ," ಎಂದರು ಮಾವ.

ನನಗೆ ಸಿಟ್ಟೇ ಬಂತು. ಅಲ್ಲಿಯದು ಹಲಗೆ ಕಾಟಾ ಅಲ್ಲ ಎಂದು ಬುತ್ತಿಯ ಪಾತ್ರೆ ಎತ್ತಿಕೊಂಡು ಹೊರಟುಬಿಟ್ಟೆ. ಬೇರೆ ಯಂತ್ರಗಳ ಹಳೆಯ ಅಳತೆಗಳು ಈ ಹೊಸದಕ್ಕೆ ಹೊಂದುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಅದನ್ನು ಪ್ರಬಂಧದಲ್ಲಿ ಅಡಿಟಿಪ್ಪಣಿಗೆ ತಳ್ಳಿದ್ದೆ.

ಆಮೇಲೆ ಬೇರೆ ಕೊಲೈಡರ್‌ನವರೂ ಅಳೆದರು. ಡಬ್ಲ್ಯೂ ತೂಕ, ಜೋಡಿಗಳೇ ಇಲ್ಲದ ಹಳೆಯ ಸಿದ್ಧಾಂತ ಹೇಳಿದಷ್ಟೇ ಬಂತು. ಮೊದಲಿನವರ ಅಳತೆ ಎಲ್ಲಿ ಜಾರಿತು, ಜಾರಿತೋ ಇಲ್ಲವೋ, ಅದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಆದರೆ ಅದೊಂದನ್ನೇ ನಂಬಿ ನನ್ನ ಪ್ರಬಂಧ ನಿಲ್ಲುವಂತಿರಲಿಲ್ಲ. ಬಸ್ಸು ಹತ್ತಿ ಮಾವನ ಮನೆಗೆ ಬಂದು ಹೇಳಿದೆ.

"ಐದು ವರ್ಷ ನೀರಾಗೆ ಹೋತಾ?" ಅವರ ದನಿಯಲ್ಲಿ ಗೆದ್ದ ಸುಳಿವಿರಲಿಲ್ಲ.

"ಇಲ್ಲ ಮಾವ. ಇನ್ನೂ ಹೆಚ್ಚು ಭಾರದ ಜೋಡಿ ಇರಬಹುದು. ನಾನು ಹೇಳಿದ ತೂಕದ್ದು ಇಲ್ಲ."

"ಹಂಗಂತ ಬರದ್ರೆ ಪಾಸ್ ಮಾಡ್ತಾರಾ?"

ಮಾಡುತ್ತಾರೆ ಎಂದೆ. ಹಾಗಾದರೆ ಮೋರೆ ತೊಳೆದುಕೊಂಡು ಬಾ, ನಿಮ್ಮತ್ತೆ ರೊಟ್ಟಿ ಬಡಿಯುತ್ತಿದ್ದಾಳೆ ಎಂದರು. ಮೂರು ದಿನ ಅವರ ಜಗಲಿಯಲ್ಲೇ ಕೂತು, ಜೋಡಿ ಯಾವ್ಯಾವ ತೂಕದಲ್ಲಿ ಇಲ್ಲ ಎಂಬ ಹೊಸ ಅಧ್ಯಾಯ ಬರೆದೆ. ನನ್ನ ಪ್ರಬಂಧದಲ್ಲಿ ಇವತ್ತಿಗೂ ಜನ ತೆಗೆದು ಓದುವುದು ಅದೊಂದನ್ನೇ.