ಹೆಬ್ಬಾಳದ ಗೇಟಿನಲ್ಲಿ ಸಿಕ್ಕಿದ ಲಾರಿ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬ್ಯಾಟರಾಯನಪುರದಿಂದ ಆರ್.ಟಿ. ನಗರಕ್ಕೆ ದಿನಾ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲೊಂದು ಸಣ್ಣ ಶೆಡ್ಡಿನಲ್ಲಿ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವ ಕೆಲಸ ನನ್ನದು. ಯಲಹಂಕದ ಕಡೆಯಿಂದ ಬರುವ ಬಸ್ಸು ನಮ್ಮೂರು ಮುಟ್ಟುವಷ್ಟರಲ್ಲಿ ಬಾಗಿಲಿನ ತನಕ ತುಂಬಿರುತ್ತಿತ್ತು. ಕೆಲವು ದಿನ ನಿಲ್ಲಿಸದೆಯೇ ಹೋಗಿಬಿಡುತ್ತಿತ್ತು. ತಡವಾಗಿ ಹೋಗಿ ಬೈಸಿಕೊಳ್ಳುವುದು ಹೆಚ್ಚಾದಾಗ ಅಪ್ಪ ಎಲ್ಲಿಂದಲೋ ಒಂದು ಹಳೆಯ ಲೇಡೀಸ್ ಸೈಕಲ್ ತಂದುಕೊಟ್ಟರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರೆ ಊರಿನವರು ಮೊದಮೊದಲು ನಿಂತು ನೋಡುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು.

ಕೊಡಿಗೇಹಳ್ಳಿ ಗೇಟಿನವರೆಗೆ ದಾರಿಯಲ್ಲಿ ಅಂಥ ತೊಂದರೆ ಇರಲಿಲ್ಲ. ಎದೆ ಹೊಡೆದುಕೊಳ್ಳಲು ಶುರುವಾಗುತ್ತಿದ್ದುದು ಹೆಬ್ಬಾಳದ ಕೆರೆಯ ಹತ್ತಿರ. ಆಗಿನ ಬಳ್ಳಾರಿ ರಸ್ತೆಯಲ್ಲಿ ಎದುರುಬದುರಾಗಿ ಎರಡು ದೊಡ್ಡ ಗಾಡಿ ಬಂದರೆ ಸೈಕಲ್ಲಿಗೆ ಜಾಗವೇ ಉಳಿಯುತ್ತಿರಲಿಲ್ಲ. ನಾವು ಹೋಗುವಾಗ ಕೆರೆ ಎಡಕ್ಕೆ. ಟಾರು ಮುಗಿದ ಕಡೆ ಒಂದು ಗೇಣು ಕೆಳಗೆ ಮಣ್ಣು, ಮಣ್ಣಿನಾಚೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಜೊಂಡು ಮತ್ತು ನೀರು. ಅದೇ ಹೊತ್ತಿಗೆ ಉತ್ತರದ ಕಲ್ಲುಕ್ವಾರಿಗಳಿಂದ ಸೈಜುಗಲ್ಲು, ಜಲ್ಲಿ ತುಂಬಿದ ಲಾರಿಗಳು ಪಟ್ಟಣಕ್ಕೆ ಹೋಗುತ್ತಿದ್ದವು.

ಅವುಗಳಲ್ಲಿ ನೀಲಿ ಮುಖದ ಒಂದು ಲಾರಿ ಇತ್ತು. ಬೇರೆ ಲಾರಿಗಳು ದೂರದಿಂದಲೇ ಹಾರನ್ ಹೊಡೆಯುತ್ತಾ ಬಂದರೆ ಇದು ಸದ್ದಿಲ್ಲದೆ ಬೆನ್ನಿಗೆ ಬಂದು, ತೀರ ಹತ್ತಿರವಾದ ಮೇಲೆ ಹಾರನ್ ಒತ್ತುತ್ತಿತ್ತು. ಬೆಚ್ಚಿಬಿದ್ದು ನಾವು ಮಣ್ಣಿಗೆ ಇಳಿಯುವುದನ್ನು ನೋಡುವುದು ಅದರ ಡ್ರೈವರನಿಗೆ ಒಂದು ಆಟ. ಕೆರೆ ದಾಟಿದ ಮೇಲೆ ರೈಲ್ವೆ ಗೇಟು ಹಾಕಿದ್ದ ದಿನಗಳಲ್ಲಿ ನಾನು ಅವನನ್ನು ಸರಿಯಾಗಿ ನೋಡಿದ್ದೆ. ನಡುವಯಸ್ಸಿನವನು, ಸಿಡುಬಿನ ಕಲೆಯ ಮುಖ, ನರೆತ ದಪ್ಪ ಮೀಸೆ. ಒಂದು ಸಲ ನಾನು ಪಕ್ಕದಲ್ಲಿ ನಿಂತು ದಿಟ್ಟಿಸಿದಾಗ ಅವನು ಬೀಡಿ ಬಾಯಿಂದ ತೆಗೆದು ನಕ್ಕ. ಆ ನಗು ನೋಡಿದ ಮೇಲೆ, ಇವನಿಗೆ ನಾವು ಕಾಣಿಸುತ್ತಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳುವುದು ನನ್ನಿಂದ ಆಗಲಿಲ್ಲ.

ಆ ದಾರಿಯಲ್ಲಿ ನನಗೆ ಇಬ್ಬರು ಜೊತೆ ಸಿಗುತ್ತಿದ್ದರು. ಒಬ್ಬರು ನಮ್ಮೂರಿನವರೇ ಆದ ಸಾಬರು. ಆರ್.ಟಿ. ನಗರದ ಒಂದು ಅಂಗಡಿಯಲ್ಲಿ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುತ್ತಿದ್ದರು. ಅವರ ಉಗುರುಗಳ ಸುತ್ತ ಸದಾ ಕಂದುಬಣ್ಣ. ಅಪ್ಪನ ವಯಸ್ಸಿನವರು, ನನ್ನನ್ನು ಬೇಟಿ ಎನ್ನುತ್ತಿದ್ದರು. ಇನ್ನೊಬ್ಬರು ಹಾಲಿನ ಕ್ಯಾನುಗಳನ್ನು ಕ್ಯಾರಿಯರಿನ ಎರಡೂ ಬದಿಗೆ ತೂಗುಹಾಕಿಕೊಂಡು ಹೋಟೆಲುಗಳಿಗೆ ಹಾಲು ಹಾಕುತ್ತಿದ್ದವರು. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರ ಮನೆತನದ ಹೊಲಗಳು ರಸ್ತೆಯ ಪಕ್ಕದಲ್ಲೇ ಇದ್ದವು. ಹಾಗಾಗಿ ರಸ್ತೆಯೂ ತಮ್ಮದೇ ಎಂಬಂತೆ ಅವರು ಸೈಕಲ್ ಹೊಡೆಯುತ್ತಿದ್ದರು.

ಲಾರಿಗಳಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂದು ಇಬ್ಬರೂ ನನಗೆ ಪಾಠ ಹೇಳಿದ್ದರು. ಹಾರನ್ ಕೇಳಿಸಿದ ಕೂಡಲೇ ತಿರುಗಿ ನೋಡಬಾರದು, ತಲೆ ತಿರುಗಿದರೆ ಹ್ಯಾಂಡಲ್ಲೂ ತಿರುಗುತ್ತದೆ ಎಂದರು ಸಾಬರು. ಟಾರಿನ ಅಂಚಿಗೆ ಅಂಟಿಕೊಂಡು ಹೋಗದೆ ಒಂದು ಮೊಳ ಒಳಗೇ ಇದ್ದರೆ, ಲಾರಿಯವರು ಒತ್ತಿದಾಗ ಸರಿಯುವುದಕ್ಕೆ ಅಷ್ಟಾದರೂ ಜಾಗವಿರುತ್ತದೆ ಎಂದೂ ಹೇಳಿಕೊಟ್ಟರು. ಅಣ್ಣನದು ಬೇರೆ ದಾರಿ. ಕ್ಯಾನಿನ ಹಗ್ಗಕ್ಕೆ ಕಟ್ಟಿದ ಚೀಲದಲ್ಲಿ ಅವರು ಕೈಗೆ ಹಿಡಿಸುವಂಥ ಕಲ್ಲುಗಳನ್ನು ಇಟ್ಟುಕೊಂಡಿರುತ್ತಿದ್ದರು. ಯಾವತ್ತೂ ಎಸೆದದ್ದನ್ನು ನಾನು ನೋಡಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಸಾಬರು ಮುಂದೆ, ನಾನು ಹಿಂದೆ. ಹಾರನ್ ಕಿವಿಯ ಹತ್ತಿರವೇ ಒದರಿತು. ನಾನು ಮಣ್ಣಿಗಿಳಿದು ಕಾಲೂರಿದೆ. ಸಾಬರು ಇಳಿಯಲಿಲ್ಲ, ಅಥವಾ ಇಳಿಯಲು ಅವರಿಗೆ ಹೊತ್ತು ಸಿಗಲಿಲ್ಲ. ಅದೇ ನೀಲಿ ಲಾರಿಯ ಬದಿಯ ಹಲಗೆಗೆ ಹಾಕಿದ್ದ ಕೊಂಡಿ ಅವರ ಹೆಗಲಿನ ಬುತ್ತಿಚೀಲಕ್ಕೆ ಸಿಕ್ಕಿಕೊಂಡಿತು. ನಾಲ್ಕು ಮಾರು ಅವರನ್ನು ಸೈಕಲ್ಲಿನ ಸಮೇತ ಎಳೆದು, ಚೀಲ ಹರಿದ ಮೇಲೆ ಬಿಟ್ಟುಹೋಯಿತು. ಲಾರಿ ನಿಲ್ಲಲಿಲ್ಲ. ನಂಬರ್ ನೋಡೋಣವೆಂದರೆ ಹಿಂದಿನ ಹಲಗೆಯ ಮೇಲೆ ಕೆಸರು ಮೆತ್ತಿತ್ತು.

ನಾನು ಇಳಿಜಾರಿಗೆ ಓಡಿದಾಗ ಸಾಬರು ಜೊಂಡಿನಲ್ಲಿ ಕುಳಿತು ತಮ್ಮ ಬಲಗಾಲನ್ನು ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದರು. ಪಾದ ಇರಬೇಕಾದ ಕಡೆಗೆ ತಿರುಗಿರಲಿಲ್ಲ. ಹಿಂದಿನಿಂದ ಬಂದ ಅಣ್ಣ, ಇನ್ನಿಬ್ಬರು, ನಾನು ಸೇರಿ ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿದೆವು. ನನ್ನ ಸೈಕಲ್ಲನ್ನು ಅಣ್ಣನಿಗೆ ಬಿಟ್ಟು ಆಸ್ಪತ್ರೆಯ ತನಕ ನಾನು ಜೊತೆಗಿದ್ದೆ. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ, ಸೈಕಲ್ಲಿನ ಚಕ್ರ ಉಳಿದಿದೆಯೋ ಇಲ್ಲವೋ ಎಂದು.

ಸಂಜೆ ಅವರ ಮೈದುನನ ಜೊತೆ ಪೊಲೀಸ್ ಸ್ಟೇಷನ್ನಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅಲ್ಲಿದ್ದವರು ಕೇಳಿಸಿಕೊಂಡರು. ನಂಬರ್ ಇಲ್ಲದೆ ಯಾವ ನೀಲಿ ಲಾರಿಯನ್ನು ಹುಡುಕುವುದು ಎಂದರು. ಅವನ ಮುಖ ನೋಡಿದ್ದೇನೆ, ಎದುರಿಗೆ ನಿಲ್ಲಿಸಿದರೆ ಗುರುತು ಹಿಡಿಯುತ್ತೇನೆ ಎಂದು ನಾನು ಹಟ ಹಿಡಿದಾಗ, ಒಬ್ಬರು ಮೃದುವಾಗಿಯೇ, "ಹೆಣ್ಮಗಳು ನೀನು, ಹೈವೇಲಿ ಸೈಕಲ್ ಯಾಕಮ್ಮಾ ಹೊಡೀತೀಯಾ? ಬಸ್ಸಲ್ಲಿ ಹೋಗು," ಎಂದರು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಮೈದುನನ ಜೊತೆ ಹೊರಗೆ ಬಂದೆ.

ಮರುದಿನದಿಂದ ಅಣ್ಣನ ಮಾತೆಲ್ಲ ಆ ಲಾರಿಯ ಬಗ್ಗೆಯೇ. ದಾರಿಯಲ್ಲಿ ಸಿಗುವ ಸೈಕಲ್ಲಿನವರಿಗೆಲ್ಲ ಸಾಬರ ಕಾಲಿನ ಕತೆ ಹೇಳಿದರು. ಗೇಟು ಹಾಕಿದಾಗ ಅವನು ಸಿಕ್ಕೇ ಸಿಗುತ್ತಾನೆ, ಆಗ ಯಾರೂ ತೂರಿಕೊಂಡು ಮುಂದೆ ಹೋಗಬಾರದು ಎಂದು ಒಪ್ಪಂದವಾಯಿತು. ನನಗೂ ಅದು ಸರಿಯೆನಿಸಿತು. ಅವನು ಸಿಗಲಿ, ಕೆಳಗಿಳಿದು ನಮ್ಮ ಎದುರು ನಿಲ್ಲಲಿ, ಸಾಬರ ಮನೆಗೆ ಬಂದು ಆ ಕಾಲನ್ನು ನೋಡಲಿ ಎಂಬಷ್ಟೇ ನನ್ನ ಮನಸ್ಸಿನಲ್ಲಿತ್ತು. ಉಳಿದವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ.

ಸ್ವಲ್ಪ ದಿನದಲ್ಲೇ ಆ ಲಾರಿ ಗೇಟಿನಲ್ಲಿ ಸಿಕ್ಕಿತು. ಮುಂದೆ ಎತ್ತಿನ ಗಾಡಿ, ಹಿಂದೆ ಬಸ್ಸು, ಅಲುಗಾಡುವಂತಿರಲಿಲ್ಲ. ನಾನು ತಲುಪುವಷ್ಟರಲ್ಲಿ ಸೈಕಲ್ಲುಗಳನ್ನು ರಸ್ತೆಯಲ್ಲೇ ಅಡ್ಡ ಮಲಗಿಸಿ ಹತ್ತಾರು ಜನ ಸುತ್ತುವರಿದಿದ್ದರು. ಅಣ್ಣ ಬಾಗಿಲು ತೆಗೆದು ಡ್ರೈವರನ ಅಂಗಿ ಹಿಡಿದು ಎಳೆದಿದ್ದರು. ಜನರ ಸಂದಿಯಿಂದ ನಾನು ಅವನ ಮುಖ ನೋಡಿದೆ. ಇಪ್ಪತ್ತೈದು ದಾಟಿರದವನು, ಎಣ್ಣೆಗಪ್ಪು ನುಣುಪು ಮುಖ, ಗೆರೆಯಂಥ ಮೀಸೆ. ಅವನಲ್ಲ.

ನಾನು ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಒಳಗೆ ನುಗ್ಗಿ ಅಣ್ಣನ ತೋಳು ಹಿಡಿದು, "ಅಣ್ಣಾ, ಇವ್ನಲ್ಲ. ನಾನ್ ನೋಡಿದೀನಿ ಅವ್ನನ್ನ, ಇವ್ನಲ್ಲ," ಎಂದೆ.

ಅವರು ನನ್ನ ಕಡೆ ನೋಡಿದರು. ಅವರಿಗೆ ಕೇಳಿಸಿತು, ಅರ್ಥವೂ ಆಯಿತು.

"ಯಾವನಾದ್ರೇನವ್ವಾ," ಎಂದರು. "ಲಾರಿ ಅದೇ ಅಲ್ವಾ? ಇವತ್ತು ಇಂಗೆ ಬಿಟ್ರೆ ನಾಳೆ ಇವ್ನೂ ಅಂಗೇ ಮಾಡ್ತಾನೆ."

ಆಮೇಲೆ ಹೊಡೆದರು. ಮೊದಲು ಅಣ್ಣ, ನಂತರ ಸಾಬರನ್ನು ಯಾವತ್ತೂ ಕಂಡಿರದ ಜನರೂ. ಇಸ್ತ್ರಿ ಅಂಗಿ ಹಾಕಿದ ಗುಮಾಸ್ತನಂಥ ಒಬ್ಬರು ಟಿಫನ್ ಡಬ್ಬಿಯನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಿಂದ ಹೊಡೆದದ್ದು ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಅವರೆಲ್ಲರೂ ನನ್ನ ಹಾಗೆ ಎಷ್ಟೋ ಬಾರಿ ಮಣ್ಣಿಗೆ ಇಳಿದವರು. ಆ ಡ್ರೈವರ್ ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಮುಂದಿನ ಚಕ್ರಕ್ಕೆ ಒರಗಿ ಕುಳಿತುಬಿಟ್ಟ. ತಮಿಳಿನಲ್ಲಿ ಏನೋ ಹೇಳುತ್ತಿದ್ದ. ಆ ಲಾರಿಗೆ ಅವನು ಬಂದು ಎರಡೇ ದಿನವಾಗಿತ್ತೆಂದು ಆಮೇಲೆ ಯಾರೋ ಅರ್ಥ ಹೇಳಿದರು.

ರೈಲು ಹೋಯಿತು, ಗೇಟು ಎತ್ತಿದರು. ಎಲ್ಲರಿಗೂ ಕೆಲಸಕ್ಕೆ ಹೊತ್ತಾಗಿತ್ತು. ಸೈಕಲ್ಲುಗಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಟರು, ಅಣ್ಣನೂ ಹೊರಟರು. ನಾನು ನನ್ನ ನೀರಿನ ಬಾಟಲಿಯನ್ನು ಆ ಹುಡುಗನಿಗೆ ಕೊಟ್ಟೆ. ಅವನು ಬಾಯಿ ಮುಕ್ಕಳಿಸಿ ಕೆಂಪಗೆ ಉಗುಳಿ, ಬಾಟಲಿಯ ಬಾಯಿಯನ್ನು ತನ್ನ ಅಂಗಿಯಿಂದ ಒರೆಸಿ ಹಿಂದಕ್ಕೆ ಕೊಟ್ಟ. ನನ್ನ ಮುಖ ನೋಡಲಿಲ್ಲ. ಹಿಂದಿನ ಬಸ್ಸು ಬಿಡದೆ ಹಾರನ್ ಹೊಡೆಯುತ್ತಿತ್ತು. ಅವನು ಹತ್ತಿ ಕುಳಿತು ಲಾರಿ ಓಡಿಸಿಕೊಂಡು ಹೋದ.

ಭಾನುವಾರ ಸಾಬರ ಮನೆಗೆ ಹೋದೆ. ಪ್ಲಾಸ್ಟರ್ ಕಟ್ಟಿದ ಕಾಲನ್ನು ಮಂಚದ ಮೇಲೆ ಚಾಚಿ ಮಲಗಿದ್ದರು. ಅವರ ಹೆಂಡತಿ ಚಹಾ ಕೊಟ್ಟು ಒಳಗೆ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಅವರಿಗೆ ಎಲ್ಲೋ ಸ್ವಲ್ಪ ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ಗೋಡೆಯ ಕಡೆ ತಿರುಗಿದರು.

"ನನ್ ಕಾಲಿನ ಹೆಸ್ರಲ್ಲಿ ಹೊಡೆದ್ರಾ ಬೇಟಿ?" ಎಂದರು.

ನಾನು ಹೌದೆಂದೆ.

"ನನ್ನ ಒಂದ್ ಮಾತು ಕೇಳ್ಬೇಕಿತ್ತು," ಎಂದು ಹೇಳಿ ಕಣ್ಣು ಮುಚ್ಚಿಕೊಂಡರು. ಚಹಾ ಕುಡಿದು ನಾನು ಎದ್ದು ಬಂದೆ.

ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನ ಸಂಗತಿ. ಆ ಪೆಟ್ಟು ಕೆಲಸ ಮಾಡಿತು. ಕಲ್ಲಿನ ಲಾರಿಗಳವರಿಗೆಲ್ಲ ಸುದ್ದಿ ಮುಟ್ಟಿತ್ತು. ಕೆರೆಯ ಹತ್ತಿರ ಬಂದರೆ ಅವು ದೂರದಲ್ಲೇ ನಿಧಾನವಾಗುತ್ತಿದ್ದವು, ಒಂದು ಸಣ್ಣ ಹಾರನ್ ಕೊಟ್ಟು ಕಾಯುತ್ತಿದ್ದವು. ಅಣ್ಣ ಚೀಲದ ಕಲ್ಲುಗಳನ್ನು ಬಿಸಾಡಿದರು. ಪೊಲೀಸರಿಂದ ಆಗದ್ದು ನಮ್ಮಿಂದ ಆಯಿತು ಎಂದು ಹೋಟೆಲಿನಲ್ಲಿ ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳಲ್ಲ. ನಾನೂ ಆ ದಾರಿಯಲ್ಲಿ ನಿಶ್ಚಿಂತೆಯಿಂದ ಹೋಗತೊಡಗಿದೆ, ತಪ್ಪದೆ ಹೊತ್ತಿಗೆ ಸರಿಯಾಗಿ ಶೆಡ್ಡು ಸೇರಿದೆ. ಹಿಂದಿನಿಂದ ಲಾರಿ ವೇಗ ತಗ್ಗಿಸಿದ ಸದ್ದು ಕೇಳಿದಾಗಲೆಲ್ಲ ಆ ಹುಡುಗನ ಕೆಂಪು ಉಗುಳು ನೆನಪಾಗಿ ಪೆಡಲಿನ ಮೇಲಿನ ಕಾಲು ಭಾರವಾಗುತ್ತಿತ್ತು.

ಮಳೆಗಾಲ ಬರುವ ಹೊತ್ತಿಗೆ ಸಾಬರು ಮತ್ತೆ ಸೈಕಲ್ ಹತ್ತಿದರು. ಕಾಲು ಸ್ವಲ್ಪ ಎಳೆಯುತ್ತಿತ್ತು. ಮೊದಲನೆಯ ದಿನವೇ ಕೆರೆಯ ಬಳಿ ಹಿಂದೆ ಒಂದು ಲಾರಿ ನಿಧಾನವಾಗಿ ಬರುವುದನ್ನು ಕಂಡು, ಯಾಕೆ ಮುಂದೆ ಹೋಗುತ್ತಿಲ್ಲ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅವರಿಗೆ ಹೊಳೆಯಿತು. ಸೈಕಲ್ಲಿನಿಂದ ಇಳಿದು, ಪಕ್ಕಕ್ಕೆ ಸರಿದು, ಹೋಗು ಎಂದು ಕೈ ಮಾಡಿದರು. ಲಾರಿ ಪಕ್ಕಕ್ಕೆ ಬಂದಾಗ ಡ್ರೈವರನನ್ನು ತಡೆದು, ನೀಲಿ ಲಾರಿಯಲ್ಲಿ ಪೆಟ್ಟು ತಿಂದವನು ಈಗೆಲ್ಲಿದ್ದಾನೆ ಎಂದು ವಿಚಾರಿಸಿದರು. ಅವನು ಕೆಲಸ ಬಿಟ್ಟು ಊರಿಗೆ ಹೋದನಂತೆ, ಧರ್ಮಪುರಿಯ ಕಡೆಯವನಂತೆ.

"ಅವ್ನಿಗಿಂತ ಮುಂಚೆ ಇದ್ದೋನು? ಸಿಡುಬಿನ ಮುಖದೋನು?" ಎಂದು ನಾನು ಕೇಳಿದೆ.

"ಅವ್ನಾ? ಆಕ್ಸಿಡೆಂಟ್ ಆದ್ ಮಾರನೇ ದಿನಾನೇ ಓನರ್ ಅವ್ನನ್ನ ಬೇರೆ ಲಾರಿಗೆ ಹಾಕ್ಬಿಟ್ರು," ಎಂದ ಡ್ರೈವರ್. "ಈಗ ತುಮಕೂರ್ ರೋಡಲ್ಲಿ ಗಾಡಿ ಹೊಡೀತವ್ನೆ, ಗೊರಗುಂಟೆಪಾಳ್ಯದ ಕಡೆ."

ಲಾರಿ ಹೋಯಿತು. ಸಾಬರು ಮತ್ತೆ ಸೈಕಲ್ ಹತ್ತಲಿಲ್ಲ. ಗೇಟಿನವರೆಗೂ ಅದನ್ನು ತಳ್ಳಿಕೊಂಡೇ ನಡೆದರು, ನಾನೂ ಇಳಿದು ಜೊತೆಗೆ ನಡೆದೆ. ಇಬ್ಬರಿಗೂ ಅವತ್ತು ತಡವಾಯಿತು. ಕೆಲವು ವಾರಗಳ ನಂತರ ಅವರು ಸೈಕಲ್ಲನ್ನು ಮೈದುನನಿಗೆ ಕೊಟ್ಟು ಬಸ್ಸಿಗೆ ನಿಲ್ಲತೊಡಗಿದರು. ಕಾಲು ನೋಯುತ್ತದೆ ಎನ್ನುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಶೆಡ್ಡಿಗೆ ತುಮಕೂರು ರಸ್ತೆಯ ಕಡೆಯಿಂದ ಒಬ್ಬಳು ಹುಡುಗಿ ಕೆಲಸಕ್ಕೆ ಸೇರಿದಳು. ಅವಳ ತಂದೆ ಗೊರಗುಂಟೆಪಾಳ್ಯದ ಮೇಲೆ ದಿನಾ ಸೈಕಲ್ಲಿನಲ್ಲಿ ಫ್ಯಾಕ್ಟರಿಗೆ ಹೋಗುತ್ತಾರೆಂದು ತಿಳಿದಾಗ ನಾನು ಆ ಸಿಡುಬಿನ ಮುಖದ ಡ್ರೈವರನ ಚಹರೆಯನ್ನೆಲ್ಲ ಹೇಳಿ, ಅಂಥವನು ಕಂಡರೆ ಹುಷಾರಾಗಿರಲು ಹೇಳು ಎಂದೆ. ಅವಳು ತಂತಿಯ ಉರುಳೆಯಿಂದ ಕೈ ತೆಗೆಯದೆ ಕೇಳಿಸಿಕೊಂಡಳು. ಹೇಳ್ತೀನಿ ಅಕ್ಕಾ, ಆದರೆ ಅಲ್ಲಿ ಬರೋ ಲಾರಿಗಳಲ್ಲಿ ಮುಖ ನೋಡೋಕೆ ಯಾರಿಗೆ ಟೈಮ್ ಇರುತ್ತೆ ಎಂದಳು.