ಬೆರೆತುಹೋದ ಏಳು ಪೆಟ್ಟಿಗೆ

ಮೈಸೂರಿನಲ್ಲಿ ಪುರಾತತ್ವ ಓದಿದ್ದ ಅನಸೂಯಾ, ಗಂಡ ಶ್ರೀನಾಥನಿಗೆ ಕಾವಾಸಾಕಿಯಲ್ಲಿ ಕೆಲಸ ಸಿಕ್ಕಿದಾಗ ಜಪಾನಿಗೆ ಬಂದವಳು. ಮನೆಯಲ್ಲಿ ಕೂತಿರಲಾಗದೆ ಜಪಾನಿ ಕಲಿತು, ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧಕಿಯಾದಳು. ಹೊಕ್ಕೈಡೋ ದ್ವೀಪದ ಮೂಲನಿವಾಸಿಗಳಾದ ಐನು ಜನರ ಗೋರಿಗಳನ್ನು ಹಿಂದೆಂದೋ ಅಗೆದು ತಂದ ಮೂಳೆಗಳು ಆ ವಿಶ್ವವಿದ್ಯಾಲಯದ ಉಗ್ರಾಣದಲ್ಲಿ ಪೆಟ್ಟಿಗೆಗಳಲ್ಲಿದ್ದವು. ವಿದ್ವಾಂಸರೆಲ್ಲ ತಲೆಬುರುಡೆಯ ಅಳತೆ ಬರೆದಿಟ್ಟಿದ್ದರೇ ಹೊರತು, ಅವು ಯಾವ ಊರಿನವರವು, ಯಾರ ಮನೆಯವರವು ಎಂದು ಕೇಳಿದವರಿರಲಿಲ್ಲ. ಪೆಟ್ಟಿಗೆಗಳ ಮೇಲಿನ ಹಳೆಯ ಚೀಟಿಗಳನ್ನು ಹಿಡಿದು ಆ ಪಟ್ಟಿ ಮಾಡಲು ಹೊರಟವಳು ಅನಸೂಯಾಳೇ ಮೊದಲು.

೨೦೧೧ರ ಭೂಕಂಪದಲ್ಲಿ ಕಪಾಟೊಂದು ಮಗುಚಿ ಏಳು ಪೆಟ್ಟಿಗೆ ಒಡೆದವು. ಮೂಳೆಗಳು ನೆಲದ ಮೇಲೆ ಒಂದರೊಳಗೊಂದು ಬೆರೆತವು. ದೇಶವೇ ಸುನಾಮಿಯಲ್ಲಿ ಸತ್ತವರ ಹೆಣ ಹುಡುಕುತ್ತಿರುವಾಗ ಇದನ್ನು ದೊಡ್ಡದು ಮಾಡುವುದು ಬೇಡ ಎಂದರು ವಿಭಾಗದ ಮುಖ್ಯಸ್ಥರು. ಅವರ ಮಾತಿನಂತೆ ಅವಳು ಅಂದಾಜಿನ ಮೇಲೆ ವಿಂಗಡಿಸಿ, ಹೊಸ ಪೆಟ್ಟಿಗೆಗಳಿಗೆ ಹಳೆಯ ಚೀಟಿ ಅಂಟಿಸಿದಳು. ಪಟ್ಟಿ ಅಚ್ಚಾಗಿ ಹೆಸರು ಬಂತು. ಮೂಳೆಗಳು ಬೆರೆತ ವಿಷಯವನ್ನು ಅವಳು ಅದರಲ್ಲಿ ಬರೆದಿರಲಿಲ್ಲ.

ಐದು ವರ್ಷದ ಮೇಲೆ, ಎಲ್ಲರೂ ಗೌರವದಿಂದ ಶಿರಾಸಾವಾ ಸಾನ್ ಎನ್ನುವ ಐನು ಮುದುಕಿಯೊಬ್ಬರು ಆ ಪಟ್ಟಿ ನೋಡಿ ಪತ್ರ ಬರೆದರು. ಒಡೆದ ಏಳರಲ್ಲಿ ಒಂದು ಅವರ ಅಜ್ಜಿಯದು. ಕರೆದೊಯ್ಯಲು ಬರುತ್ತೇನೆ ಎಂದಿದ್ದರು.

"ಸುಮ್ನೆ ಕೊಟ್ಬಿಡು ಅನು. ಅವರಿಗೂ ಸಮಾಧಾನ, ನಿನ್ನ ಜಾಬೂ ಸೇಫ್," ಎಂದ ಶ್ರೀನಾಥ.

"ಯಾರನ್ನೋ ಅವರ ಅಜ್ಜಿ ಅಂತ ಮಣ್ಣು ಮಾಡಿಸ್ಲಾ?"

ಮುದುಕಿ ಕಸೂತಿಯ ಬಟ್ಟೆ ಹಿಡಿದು ಬಂದರು, ಅಜ್ಜಿಯನ್ನು ಸುತ್ತಿಕೊಂಡು ಹೋಗಲು. ಅನಸೂಯಾ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ ಎಂದು ಆಕೆ ಕೇಳಿದಾಗ, ಹೆದರಿದ್ದೆ ಎಂದಳು.

"ಗೋರಿ ಅಗೆದವರನ್ನು ನಾವು ಎಂದೂ ನಂಬಿರಲಿಲ್ಲ," ಎಂದರು ಶಿರಾಸಾವಾ ಸಾನ್. "ನಿಮ್ಮನ್ನು ನಂಬಿದ್ದೆ." ಬಟ್ಟೆ ಮಡಚಿಕೊಂಡು ಬರಿಗೈಯಲ್ಲಿ ಹೊರಟುಹೋದರು.

ಅನಸೂಯಾ ನಡೆದದ್ದನ್ನು ಬರೆದು ಪ್ರಕಟಿಸಿದಳು. ಮುಂದಿನ ವರ್ಷ ವಿಶ್ವವಿದ್ಯಾಲಯ ಅವಳನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಏಳು ಮನೆತನದವರು ಎರಡು ವರ್ಷ ಜಗಳವಾಡಿ, ಅತ್ತು, ಕೊನೆಗೆ ಎಲ್ಲರನ್ನೂ ಒಂದೇ ಕಡೆ ಹೂಳುವುದೆಂದು ಒಪ್ಪಿದರು. ಅವಳಿಗೂ ಕರೆ ಬಂತು. ಗುಂಡಿಯ ಮುಂದೆ ನಿಂತು ಏಳು ಹೆಸರನ್ನೂ ಓದಲು ಶಿರಾಸಾವಾ ಸಾನ್ ಹೇಳಿದರು. ಓದಿದಳು. ಆಮೇಲೆ ಯಾರೂ ಅವಳನ್ನು ಮಾತನಾಡಿಸಲಿಲ್ಲ.

ಕ್ಷಮಿಸಿದರಾ ಎಂದು ಶ್ರೀನಾಥ ಮನೆಯಲ್ಲಿ ಕೇಳಿದ.

"ಕೇಳೋ ಧೈರ್ಯ ಬರ್ಲಿಲ್ಲ," ಎಂದಳು.